ಬಳೆಗಾರರ ಮನೆಯ ಕವಿಚಕ್ರವರ್ತಿ

ಕ್ಯಾಂಪಸ್ ಸಂದರ್ಶನದ ದಿನ ಹತ್ತಿರ ಬಂತೆಂದರೆ ಹಾಸ್ಟೆಲ್‌ಗಳಲ್ಲಿ ಇಸ್ತ್ರಿ ಮಾಡಿದ ಅಂಗಿ, ಬೂಟು, ಟೈಗಳ ಜೊತೆಗೆ ಇನ್ನೊಂದು ವಸ್ತುವಿನ ಹುಡುಕಾಟವೂ ಶುರುವಾಗುತ್ತದೆ. ಅದು ಕೈಗಡಿಯಾರ. ಸಮಯ ನೋಡಲು ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆ. ಆದರೂ ತಿಳಿನೀಲಿ ಅಂಗಿಗೆ ಕಪ್ಪು ಚರ್ಮದ ಪಟ್ಟಿ ಒಪ್ಪುತ್ತದೋ, ಕಂದು ಪಟ್ಟಿ ಒಪ್ಪುತ್ತದೋ, ಸ್ಟೀಲ್ ಚೈನಿನ ವಾಚ್ ಕಟ್ಟಿದರೆ ಮದುವೆಗೆ ಹೊರಟವರಂತೆ ಕಾಣುತ್ತೇವೋ, ಸ್ಮಾರ್ಟ್‌ವಾಚ್ ನೋಡಿ ಎದುರು ಕೂತವರು ಏನೆಂದುಕೊಳ್ಳುತ್ತಾರೋ ಎಂಬ ಚರ್ಚೆ ರಾತ್ರಿ ಹನ್ನೆರಡಾದರೂ ಮುಗಿಯುವುದಿಲ್ಲ.

ಮಣಿಕಟ್ಟಿನ ಮೇಲೆ ಏನಿರಬೇಕು, ಅದು ಉಡುಗೆಗೂ ಸಂದರ್ಭಕ್ಕೂ ಹೇಗೆ ಹೊಂದಬೇಕು ಎಂಬ ಪ್ರಶ್ನೆ ನಮ್ಮ ಕಾಲದ್ದಷ್ಟೇ ಅಲ್ಲ. ಕೈಗಡಿಯಾರವೇ ಹುಟ್ಟಿನಲ್ಲಿ ಒಂದು ಬಗೆಯ ಬಳೆ. 19ನೇ ಶತಮಾನದ ಯುರೋಪಿನಲ್ಲಿ ಗಂಡಸರು ಗಡಿಯಾರವನ್ನು ಸರಪಳಿಗೆ ಸಿಕ್ಕಿಸಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಣಿಕಟ್ಟಿನ ಪುಟ್ಟ ಗಡಿಯಾರ ಶ್ರೀಮಂತ ಹೆಂಗಸರ ಒಡವೆಯಾಗಿತ್ತು. 1868ರಲ್ಲಿ ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಕಂಪನಿ ಹಂಗೇರಿಯ ಶ್ರೀಮಂತ ಮಹಿಳೆಯೊಬ್ಬರಿಗಾಗಿ ಮಾಡಿದ್ದು ಬಂಗಾರದ ಬಳೆಯಲ್ಲಿ ಕೂರಿಸಿದ ಗಡಿಯಾರವನ್ನೇ. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಕಂದಕದೊಳಗಿನ ಸೈನಿಕರಿಗೆ ಕಿಸೆಯಿಂದ ಗಡಿಯಾರ ತೆಗೆಯುವಷ್ಟು ಪುರಸೊತ್ತು ಇರಲಿಲ್ಲ. ಹಾಗಾಗಿ ಅದು ಗಂಡಸರ ಮಣಿಕಟ್ಟಿಗೂ ಏರಿತು. ನಮ್ಮಲ್ಲಿ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಲ್ಲಿ ವಾಚ್ ಕಾರ್ಖಾನೆ ಆರಂಭಿಸಿತು. ಆಮೇಲೆ ಮದುವೆಯಲ್ಲಿ ಅಳಿಯನ ಕೈಗೆ ವಾಚ್ ಕಟ್ಟುವುದು ಊರೂರಿನ ರೂಢಿಯಾಯಿತು. ವಾಚ್‌ನ ಹಿಂದೆ ಇರುವುದು ಬಳೆ. ಬಳೆಯ ಮಾತು ಬಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ನಾವು ನೆನೆಯಲೇಬೇಕಾದ ಒಬ್ಬ ಮನುಷ್ಯನಿದ್ದಾನೆ. ಬಳೆಗಾರರ ಮನೆಯಲ್ಲಿ ಹುಟ್ಟಿ ಕನ್ನಡದ ಕವಿಚಕ್ರವರ್ತಿಯಾದ ರನ್ನ.

ಮುದುವೊಳಲಿನ ಮನೆ

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನಲ್ಲಿ. ಅದೇ ಇಂದಿನ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಜೈನ ಮನೆತನ, ಬಳೆಗಾರ ಕುಲ. ಇದನ್ನೆಲ್ಲ ಯಾರೋ ನಂತರದವರು ಊಹಿಸಿ ಬರೆದದ್ದಲ್ಲ. ತನ್ನ ಊರು, ನಾಡು, ಕುಲ, ಹೆತ್ತವರು, ಒಡಹುಟ್ಟಿದವರು, ಗುರು, ಹೆಂಡಿರು ಮಕ್ಕಳ ವಿವರಗಳನ್ನು ರನ್ನ ತನ್ನ ಅಜಿತಪುರಾಣದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಅವನ ವಿಳಾಸ ಕೂಡ ಸಿಗುತ್ತದೆ. ಬೆಳುಗಲಿ ಐನೂರು ಎಂಬ ನಾಡು, ಅದರಲ್ಲಿ ಜಂಬುಖಂಡಿ ಎಪ್ಪತ್ತು ಎಂಬ ವಿಭಾಗ, ಅದರೊಳಗೆ ಮುದುವೊಳಲು. ಇಂದಿನ ಲೆಕ್ಕದಲ್ಲಿ ಜಿಲ್ಲೆ, ತಾಲ್ಲೂಕು, ಊರು ಇದ್ದಂತೆ. ಜಂಬುಖಂಡಿ ಎಂದರೆ ನಮ್ಮ ಜಮಖಂಡಿ. ಬೆಳುಗಲಿಯ ಹೆಸರು ಇಂದಿನ ರನ್ನಬೆಳಗಲಿಯಲ್ಲಿ ಉಳಿದಿದೆ. ಸಾವಿರ ವರ್ಷಗಳ ಹಿಂದಿನ ವಿಳಾಸ ಹಿಡಿದು ಇವತ್ತೂ ಬಸ್ ಹತ್ತಬಹುದು ಎಂಬುದು ಎಷ್ಟು ಕವಿಗಳ ವಿಷಯದಲ್ಲಿ ನಿಜ?

ಅವನು ಚಿಕ್ಕಂದಿನಲ್ಲಿ ಊರೂರು ತಿರುಗಿ ಬಳೆ ಮಾರುತ್ತಿದ್ದ ಎಂಬ ಕಥೆಗಳನ್ನು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಕಥೆ ಕಥೆಯಾಗಿಯೇ ಇರಲಿ. ಆದರೆ ಬಳೆಗಾರರ ಮನೆಯಲ್ಲಿ ಬೆಳೆದ ಮಗುವಿಗೆ ಆ ಕಸುಬಿನ ಸೂಕ್ಷ್ಮ ತಿಳಿಯದೇ ಇರಲಿಕ್ಕಿಲ್ಲ. ಅದು ಮೇಲುನೋಟಕ್ಕೆ ಕಾಣುವಷ್ಟು ಸುಲಭದ ಕೆಲಸವೂ ಅಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಬಳೆಯಷ್ಟು ಕಟ್ಟುನಿಟ್ಟಿನ ಅಳತೆ ಬೇಡುವ ಒಡವೆ ಇನ್ನೊಂದಿಲ್ಲ. ಇಂದು ಬಳೆ ಅಂಗಡಿಗಳಲ್ಲಿ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಅಳತೆ ಹೇಳುತ್ತಾರೆ. ಎರಡು-ನಾಲ್ಕು ಎಂದರೆ ಬಳೆಯ ಒಳವ್ಯಾಸ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಸುಮಾರು 57 ಮಿ.ಮೀ. ಎರಡು-ಆರು ಸುಮಾರು 60 ಮಿ.ಮೀ., ಎರಡು-ಎಂಟು 63.5 ಮಿ.ಮೀ. ಒಂದು ಅಳತೆಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಬರೀ 3 ಮಿ.ಮೀ. ವಾಚ್‌ನ ಪಟ್ಟಿಗಾದರೆ ತೂತುಗಳಿವೆ, ಬಿಗಿ ಮಾಡಬಹುದು, ಸಡಿಲಿಸಬಹುದು. ಗಾಜಿನ ಬಳೆಗೆ ಅದಿಲ್ಲ. ಅದು ಕೂರುವುದು ಮಣಿಕಟ್ಟಿನ ಮೇಲೆ, ಆದರೆ ದಾಟಿ ಬರಬೇಕಾದದ್ದು ಬೆರಳಿನ ಬುಡದ ಗಂಟುಗಳನ್ನು. ಸಣ್ಣದಾದರೆ ಒಡೆದು ಕೈ ಕೊಯ್ಯುತ್ತದೆ, ದೊಡ್ಡದಾದರೆ ಜಾರಿ ಬೀಳುತ್ತದೆ. ಪಳಗಿದ ಬಳೆಗಾರ ಅಳತೆಪಟ್ಟಿ ಹಿಡಿಯುವುದಿಲ್ಲ. ಕೈಯನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗಂಟುಗಳನ್ನು ಮೆಲ್ಲಗೆ ಅದುಮಿ ನೋಡಿ ಅಳತೆ ಗೊತ್ತು ಮಾಡಿಕೊಳ್ಳುತ್ತಾನೆ.

ಅಳತೆಯ ನಂತರ ಸಂದರ್ಭ. ನಮ್ಮ ಭಾಗದಲ್ಲಿ ಇಂದಿಗೂ ಮದುವೆಗೆ ಹಸಿರು ಬಳೆ ಇಡಿಸುತ್ತಾರೆ. ಬಸುರಿಗೆ ಕುಬಸ ಮಾಡುವಾಗಲೂ ಹಸಿರು ಬಳೆಯೇ. ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಹೊಸ ಬಳೆ ಇಡಿಸದೆ ಕಳಿಸುವುದಿಲ್ಲ. ಜಾತ್ರೆಗೆ ಬೇರೆ, ಹೊಲದ ಕೆಲಸಕ್ಕೆ ಬೇರೆ. ರಬಕವಿ-ಬನಹಟ್ಟಿಯ ಮಗ್ಗದ ಸೀರೆಯ ಅಂಚಿಗೊಂದು, ಇಳಕಲ್ಲಿನ ಕೆಂಪು ಸೆರಗಿಗೊಂದು ಬಣ್ಣ ಆರಿಸುತ್ತಾರೆ. ಬಳೆಗಾರನಿಗೆ ಕೈಯ ಗಾತ್ರವಷ್ಟೇ ಗೊತ್ತಿದ್ದರೆ ಸಾಲದು, ಆ ಮನೆಯಲ್ಲಿ ಏನು ನಡೆದಿದೆ ಎಂಬುದೂ ಗೊತ್ತಿರಬೇಕು. ಸಂತೋಷದ ಮನೆ ಯಾವುದು, ಸೂತಕದ ಮನೆ ಯಾವುದು ಎಂದು ತಿಳಿಯದೆ ಬಳೆಯ ಗಂಟು ಬಿಚ್ಚುವಂತಿಲ್ಲ. ರನ್ನ ಎಂಬ ಹೆಸರು ರತ್ನ ಎಂಬುದರ ತದ್ಭವ. ಬಳೆ ಮಾರುವ ಮನೆಯವರು ಮಗನಿಗೆ ಇಟ್ಟ ಹೆಸರು ಒಡವೆಯಲ್ಲಿ ಕೂರಿಸುವ ಕಲ್ಲಿನದು.

ಊರು ಬಿಟ್ಟ ಹುಡುಗ

ರನ್ನ ಹುಟ್ಟುವ ಎಂಟು ವರ್ಷ ಮೊದಲು, 941ರಲ್ಲಿ, ಪಂಪ ತನ್ನ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ್ದ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಸ್ಥಾನದಲ್ಲಿ ಪೊನ್ನ ಇದ್ದ. ಕನ್ನಡದಲ್ಲಿ ದೊಡ್ಡ ಕಾವ್ಯ ಬರೆಯಬಹುದು, ಅದಕ್ಕೆ ಅರಮನೆಯ ಮನ್ನಣೆಯೂ ಸಿಗುತ್ತದೆ ಎಂಬುದು ಆಗಲೇ ಖಚಿತವಾಗಿತ್ತು. ಆದರೆ ಆ ದಾರಿ ಹಿಡಿಯಲು ಸಂಸ್ಕೃತ, ಪ್ರಾಕೃತ, ವ್ಯಾಕರಣ, ಛಂದಸ್ಸು ಬೇಕಿತ್ತು. ಅದು ಬಳೆಯ ಅಂಗಡಿಯಲ್ಲಿ ಸಿಗುವ ವಿದ್ಯೆಯಲ್ಲ.

ರನ್ನ ಊರು ಬಿಟ್ಟ. ಅಜಿತಸೇನಾಚಾರ್ಯರು ಅವನ ಗುರುಗಳಾದರು. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯ ಅವನನ್ನು ಪೋಷಿಸಿದ. ಅಜಿತಸೇನರು ಚಾವುಂಡರಾಯನಿಗೂ ಗುರುಗಳು. ಮುಧೋಳದಿಂದ ಶ್ರವಣಬೆಳಗೊಳಕ್ಕೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ರೈಲು, ಬಸ್ಸು ಇಲ್ಲದ ಕಾಲ. ಓದಿಗಾಗಿ ಅಷ್ಟು ದೂರ ಹೋದ ಹುಡುಗನ ಮನೆಯಲ್ಲಿ ಒಂದು ಕೈ ಕೆಲಸ ಕಡಿಮೆಯಾಗಿರಬೇಕು. ಇವತ್ತು ಬನಹಟ್ಟಿಯ ಮಗ್ಗದ ಮನೆಯಿಂದಲೋ ಬೀಳಗಿಯ ಹೊಲದ ಮನೆಯಿಂದಲೋ ಬೆಂಗಳೂರಿನ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಚಾವುಂಡರಾಯ ಎಂಥ ಪೋಷಕ ಎಂಬುದಕ್ಕೆ ಶ್ರವಣಬೆಳಗೊಳದ ಗೊಮ್ಮಟನೇ ಸಾಕ್ಷಿ. 981ರ ಸುಮಾರಿಗೆ ಆ ಮೂರ್ತಿ ನಿಂತಾಗ ರನ್ನನಿಗೆ ಮೂವತ್ತು ದಾಟಿತ್ತು. ಅಲ್ಲಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಹೆಸರಿನ ಕೆತ್ತನೆಯೊಂದಿದೆ. ಅದು ರನ್ನನದೇ ಎಂದು ವಿದ್ವಾಂಸರು ನಂಬುತ್ತಾರೆ. ಮೈ ಮೇಲೆ ಬಟ್ಟೆಯ ಎಳೆಯೂ ಒಡವೆಯ ಚೂರೂ ಇಲ್ಲದ ಆ ಗೊಮ್ಮಟನ ಎದುರಿನ ಬೆಟ್ಟದಲ್ಲಿ ಬಳೆಗಾರರ ಮನೆಯ ಕವಿಯ ಹೆಸರು ಇದೆ ಎಂಬುದು ಅಲ್ಲಿಗೆ ಪ್ರವಾಸ ಹೋಗುವವರು ನೆನಪಿಡಬೇಕಾದ ಸಂಗತಿ. ಅವನು ಬರೆದ ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಎರಡು ಕಾವ್ಯಗಳು ಇಂದು ನಮಗೆ ಉಳಿದಿಲ್ಲ. ಚಾವುಂಡರಾಯನಿಗೆ ಸಮರಪರಶುರಾಮ ಎಂಬ ಬಿರುದಿತ್ತು. ಮೊದಲನೆಯದು ಅವನನ್ನು ಮನಸ್ಸಿನಲ್ಲಿಟ್ಟು ಬರೆದದ್ದಿರಬೇಕು ಎನ್ನುತ್ತಾರೆ.

ಅರಮನೆಯ ಮೆಟ್ಟಿಲು

973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯ ವಂಶದ ಎರಡನೆಯ ತೈಲಪ ಪಟ್ಟಕ್ಕೆ ಬಂದ. ಆಗ ರನ್ನನಿಗೆ ಇಪ್ಪತ್ನಾಲ್ಕು. ಅವನ ಹುಟ್ಟೂರು ಇದ್ದ ಸೀಮೆಯೆಲ್ಲ ಹೊಸ ಚಾಲುಕ್ಯರ ಆಳ್ವಿಕೆಗೆ ಸೇರಿತು. ಮುಂದೆ ರನ್ನ ಗಂಗರ ನಾಡಿನಿಂದ ತೈಲಪನ ಆಸ್ಥಾನಕ್ಕೆ ಬಂದ.

ಅವನ ಏಳಿಗೆ ಒಂದೇ ನೆಗೆತದ್ದಲ್ಲ. ಮೊದಲು ಸಾಮಂತರು, ಆಮೇಲೆ ಮಂಡಲೇಶ್ವರರು, ಕೊನೆಗೆ ಚಕ್ರವರ್ತಿ ತನ್ನನ್ನು ಮನ್ನಿಸಿದರು ಎಂದು ಅವನೇ ಹೇಳಿಕೊಳ್ಳುತ್ತಾನೆ. ನಮ್ಮ ಕಾಲದ ಮಾತಿನಲ್ಲಿ ಹೇಳುವುದಾದರೆ, ಮೊದಲ ಕೆಲಸ ಸಣ್ಣ ಕಂಪನಿಯಲ್ಲೇ. ತೈಲಪ ಅವನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ. ಬಿರುದಿನ ಜೊತೆಗೆ ಚಿನ್ನದ ಕೋಲು, ಚಾಮರ, ಬೆಳ್ಗೊಡೆ, ಆನೆಯ ಗೌರವವೂ ಬಂತು. ಆ ಕಾಲದಲ್ಲಿ ಇವು ಸುಮ್ಮನೆ ಸೊಗಸಿಗೆ ಇದ್ದ ವಸ್ತುಗಳಲ್ಲ. ಯಾರು ಕೊಡೆ ಹಿಡಿಸಿಕೊಳ್ಳಬಹುದು, ಯಾರಿಗೆ ಚಾಮರ ಬೀಸಬಹುದು ಎಂಬುದಕ್ಕೆ ನಿಯಮವಿತ್ತು. ಸಂದರ್ಭಕ್ಕೆ ತಕ್ಕ ಉಡುಗೆ ತೊಡುಗೆ ಎಂದರೆ ರಾಜಾಸ್ಥಾನದಲ್ಲಿ ಸ್ಥಾನಮಾನದ ಭಾಷೆಯೇ ಆಗಿತ್ತು. ಬಳೆಯ ಗಂಟು ಹೊತ್ತ ಮನೆತನದ ಮಗನ ತಲೆಯ ಮೇಲೆ ಬೆಳ್ಗೊಡೆ ಬಂದದ್ದು ಎಂಥ ಮಾತು ಎಂದು ಮುದುವೊಳಲಿನ ಜನಕ್ಕೆ ಚೆನ್ನಾಗಿ ಗೊತ್ತಿದ್ದಿರಬೇಕು.

ರನ್ನನಿಗೆ ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಹೆಂಡಿರು. ಮಗನಿಗೆ ರಾಯ ಎಂದು ಹೆಸರಿಟ್ಟ, ಮಗಳಿಗೆ ಅತ್ತಿಮಬ್ಬೆ ಎಂದು. ಒಂದು ಹೆಸರು ತನ್ನನ್ನು ಸಲಹಿದ ಚಾವುಂಡರಾಯನದು, ಇನ್ನೊಂದು ದಾನಚಿಂತಾಮಣಿ ಅತ್ತಿಮಬ್ಬೆಯದು. ಚಕ್ರವರ್ತಿಯ ಬಿರುದು ಪಡೆದ ಮೇಲೂ, ತನ್ನ ಕಷ್ಟಕಾಲದಲ್ಲಿ ಕೈ ಹಿಡಿದವರನ್ನು ದಿನವೂ ಮನೆಯೊಳಗೆ ಕೂಗಿ ಕರೆಯುವಂತೆ ಮಾಡಿಕೊಂಡ.

ಅವನಿಗೆ ವಿನಯ ಕಡಿಮೆ ಎನ್ನುವವರಿದ್ದಾರೆ. ಆದಿಶೇಷನ ಹೆಡೆಯ ಮೇಲಿನ ರತ್ನವನ್ನೂ ತನ್ನ ಕಾವ್ಯವೆಂಬ ರತ್ನವನ್ನೂ ಪರೀಕ್ಷಿಸಬೇಕಾದರೆ ಎಂಟೆದೆ ಬೇಕು ಎಂಬರ್ಥದ ಮಾತು ಅವನದು. ಅದನ್ನು ಜಂಬ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಮಾತಿನ ಹೋಲಿಕೆ ಎಲ್ಲಿಂದ ಬಂತು ನೋಡಿ. ರತ್ನ, ರತ್ನಪರೀಕ್ಷೆ. ಅದು ಒಡವೆ ಪೇಟೆಯ ಮಾತು. ತನ್ನ ಸರಕಿನ ಮೇಲೆ ನಂಬಿಕೆಯುಳ್ಳ ವ್ಯಾಪಾರಿ ಗಿರಾಕಿಯ ಮುಂದೆ ಅದನ್ನು ಇಟ್ಟು, ಬೇಕಾದರೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನುವ ಧೈರ್ಯ ಅದರಲ್ಲಿದೆ.

ಎದುರಾಳಿಯ ಅಳತೆ

ಗಂಡಸಿನ ಹೇಡಿತನವನ್ನು ಹೀಯಾಳಿಸಲು ನಮ್ಮಲ್ಲಿ ಕೈಗೆ ಬಳೆ ತೊಟ್ಟುಕೋ ಎನ್ನುವ ರೂಢಿಯಿದೆ. ಹಾಗೆ ಹೇಳುವವರು ಒಂದು ವಿಷಯ ಮರೆತಿರುತ್ತಾರೆ. ಕನ್ನಡದಲ್ಲಿ ವೀರರಸ ಉಕ್ಕಿ ಹರಿಯುವ ಕಾವ್ಯ ಯಾವುದು ಎಂದರೆ ಮೊದಲು ನೆನಪಾಗುವುದು ಗದಾಯುದ್ಧ. ಅದನ್ನು ಬರೆದವನು ಬಳೆಗಾರರ ಮನೆಯ ಮಗ.

ಸಾಹಸಭೀಮವಿಜಯ ಎಂಬುದು ಅದರ ಇನ್ನೊಂದು ಹೆಸರು. ಹತ್ತು ಆಶ್ವಾಸಗಳ ಚಂಪೂಕಾವ್ಯ. ಗದ್ಯ, ಪದ್ಯ ಎರಡೂ ಬೆರೆತ ಬರವಣಿಗೆ. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ರನ್ನ ಇದನ್ನು ಕಟ್ಟಿದ. ಪುರಾಣದ ಭೀಮನಿಗೂ ಕಣ್ಣೆದುರಿನ ರಾಜನಿಗೂ ಒಂದೇ ಕಥೆ ಹೊಂದಬೇಕು, ಎರಡು ಬೇರೆ ಕೈಗಳಿಗೆ ಒಂದೇ ಬಳೆ ಕೂರಬೇಕು. ಪಂಪ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಈ ದಾರಿ ತೋರಿಸಿದ್ದ. ರನ್ನ ಇಡೀ ಮಹಾಭಾರತವನ್ನು ಮತ್ತೆ ಹೇಳಲು ಹೋಗಲಿಲ್ಲ. ಯುದ್ಧದ ಕೊನೆಯ ದಿನವನ್ನು ಹಿಡಿದುಕೊಂಡು, ಅಲ್ಲಿಂದಲೇ ಹಿಂತಿರುಗಿ ನೋಡುತ್ತ ನಡೆದುದನ್ನೆಲ್ಲ ಹೇಳಿದ. ಇದಕ್ಕೆ ಸಿಂಹಾವಲೋಕನ ಕ್ರಮ ಎನ್ನುತ್ತಾರೆ.

ಈ ಕಾವ್ಯದ ಆರಂಭದಲ್ಲೂ ಕೊನೆಯಲ್ಲೂ ಅಲಂಕಾರದ ಒಂದು ಸಂಗತಿಯಿದೆ. ತುಂಬಿದ ಸಭೆಯಲ್ಲಿ ಅವಮಾನಗೊಂಡ ದ್ರೌಪದಿಯ ಮುಡಿ ಬಿಚ್ಚಿಯೇ ಇದೆ. ಅದನ್ನು ಕಟ್ಟುವ ದಿನ ಇನ್ನೂ ಬಂದಿಲ್ಲ. ಅವಳು ಭೀಮನಿಗೆ ಅವನ ಪ್ರತಿಜ್ಞೆಯನ್ನು ನೆನಪಿಸುತ್ತಾಳೆ. ರಾಣಿಯಾದವಳು ಅಲಂಕಾರ ಮಾಡಿಕೊಳ್ಳದೆ ಇರುವುದೇ ಅವಳ ಪ್ರತಿಭಟನೆ. ಕೊನೆಗೆ ಅವಳ ಮುಡಿ ಕಟ್ಟಲ್ಪಡುತ್ತದೆ, ಭೀಮನಿಗೆ ಪಟ್ಟಾಭಿಷೇಕವಾಗುತ್ತದೆ. ಯಾವ ಅಲಂಕಾರ ಯಾವ ಸಂದರ್ಭಕ್ಕೆ ಎಂಬುದು ಇಲ್ಲಿ ಒಂದು ಹೆಣ್ಣಿನ ಮಾನದ ಪ್ರಶ್ನೆಯಾಗಿ ನಿಂತಿದೆ.

ಆದರೆ ಗದಾಯುದ್ಧವನ್ನು ದೊಡ್ಡ ಕೃತಿಯಾಗಿಸಿದವನು ಭೀಮನಿಗಿಂತ ಹೆಚ್ಚಾಗಿ ದುರ್ಯೋಧನ. ರಾಜನನ್ನು ಭೀಮನೆಂದು ಹೊಗಳಲು ಹೊರಟ ಕವಿ ದುರ್ಯೋಧನನನ್ನು ಕುಬ್ಜನನ್ನಾಗಿ ಮಾಡಿದ್ದರೆ ಆಸ್ಥಾನದಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲ. ರನ್ನ ಹಾಗೆ ಮಾಡಲಿಲ್ಲ. ಸಂಜಯನೊಂದಿಗೆ ಹೆಣಗಳ ನಡುವೆ ನಡೆಯುವ ದುರ್ಯೋಧನ ದ್ರೋಣನನ್ನು ಕಂಡು ಕೊರಗುತ್ತಾನೆ. ತಮ್ಮ ದುಶ್ಶಾಸನನ ಮುಂದೆ, ಗೆಳೆಯ ಕರ್ಣನ ಮುಂದೆ ಅವನ ದುಃಖದ ಕಟ್ಟೆ ಒಡೆಯುತ್ತದೆ. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆಯೂ ನಿಂತು, ಆ ಹುಡುಗನ ಪರಾಕ್ರಮಕ್ಕೆ ಕೈ ಮುಗಿಯುತ್ತಾನೆ, ಅಂಥ ಸಾವು ತನಗೂ ಬರಲಿ ಎಂದು ಬಯಸುತ್ತಾನೆ. ಮುಂದೆ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾಗ ಭೀಮನ ಕೂಗು ಕಿವಿಗೆ ಬೀಳುತ್ತದೆ. ತಣ್ಣನೆಯ ನೀರಿನಲ್ಲಿ ಮುಳುಗಿದ್ದರೂ ಸಿಟ್ಟಿನ ಕಾವಿಗೆ ಅವನ ಮೈ ಬೆವರುತ್ತದೆ. ಬಿ.ಎಂ.ಶ್ರೀ. ಈ ಕಾವ್ಯವನ್ನೇ ನಾಟಕವಾಗಿ ಜೋಡಿಸಿದಾಗ ಅದು ದುರ್ಯೋಧನನ ದುರಂತವಾಗಿ ನಿಂತಿತು.

ಇದನ್ನು ಓದುವಾಗ ನನಗೆ ಕೈಯ ಗಂಟುಗಳನ್ನು ಅದುಮಿ ನೋಡುವ ಬಳೆಗಾರ ನೆನಪಾಗುತ್ತಾನೆ. ಕೈ ಯಾರದೇ ಇರಲಿ, ಅಳತೆ ಮಾತ್ರ ಸುಳ್ಳಾಗಬಾರದು. ಇಷ್ಟವಿಲ್ಲದವರ ಕೈಯನ್ನು ಸಣ್ಣದೆಂದು ಅಂದುಕೊಂಡರೆ ಬಳೆ ಒಡೆಯುತ್ತದೆ. ಸೋಲುವವನ ಅಳತೆಯನ್ನೂ ರನ್ನ ಸರಿಯಾಗಿ ತೆಗೆದ. ಗೆದ್ದವನ ಗೆಲುವಿಗೆ ತೂಕ ಬಂದದ್ದೂ ಅದರಿಂದಲೇ.

ಒಡವೆ ಕಳಚಿದ ಕೈ

ರನ್ನನ ಇನ್ನೊಂದು ದೊಡ್ಡ ಕೃತಿ ಅಜಿತಪುರಾಣ. ಮುಗಿದದ್ದು 993ರಲ್ಲಿ, ಅವನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಇದನ್ನು ಬರೆಸಿದವಳು ಅತ್ತಿಮಬ್ಬೆ.

ಅತ್ತಿಮಬ್ಬೆ ಮಲ್ಲಪಯ್ಯನ ಮಗಳು. ಅವಳನ್ನೂ ತಂಗಿ ಗುಂಡಮಬ್ಬೆಯನ್ನೂ ತೈಲಪನ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಕೊಟ್ಟು ಮದುವೆ ಮಾಡಿದ್ದರು. ನಾಗದೇವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಗುಂಡಮಬ್ಬೆ ಗಂಡನ ಚಿತೆ ಏರಿದಳು. ಅತ್ತಿಮಬ್ಬೆಗೆ ಮಗ ಅಣ್ಣಿಗದೇವನಿದ್ದ. ಅವಳು ಬದುಕುವುದನ್ನು ಆರಿಸಿಕೊಂಡಳು. ಸಿರಿವಂತ ಸೇನಾಪತಿಯ ಮಡದಿಯಾಗಿ ಬಾಳಿದವಳು ವ್ರತ, ಉಪವಾಸಗಳ ಕಠಿಣ ಬದುಕು ಹಿಡಿದಳು.

ಒಡವೆಯ ಬದುಕು ಬಿಟ್ಟ ಅದೇ ಹೆಣ್ಣು ಚಿನ್ನ ಮತ್ತು ರತ್ನಗಳಿಂದ 1500 ಜಿನಬಿಂಬಗಳನ್ನು ಮಾಡಿಸಿ ಹಂಚಿದಳು. ಅವಳ ತವರಿನವರು ಪೊನ್ನನಿಂದ ಬರೆಸಿದ್ದ ಶಾಂತಿಪುರಾಣದ 1000 ಪ್ರತಿಗಳನ್ನು ತಾಳೆಗರಿಯ ಮೇಲೆ ಬರೆಸಿ ನಾಡಿನ ತುಂಬ ಕೊಟ್ಟಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಗರಿಯನ್ನೂ ಹದ ಮಾಡಿ, ಕಂಟದಿಂದ ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಕಟ್ಟಬೇಕಿತ್ತು. 1000 ಸಲ ಆ ಕೆಲಸ ಮಾಡಿಸಿದಳು. ಲಕ್ಕುಂಡಿಯಲ್ಲಿ 1007ರಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಗದಗಕ್ಕೆ ಹೋದವರು ನೋಡಿ ಬರಬಹುದು.

ರನ್ನ ಈ ಕಾವ್ಯಕ್ಕೆ ಆರಿಸಿಕೊಂಡದ್ದು ಎರಡನೆಯ ತೀರ್ಥಂಕರ ಅಜಿತನಾಥನ ಕಥೆ. ಎಲ್ಲವೂ ಇದ್ದ ರಾಜ ಎಲ್ಲವನ್ನೂ ಕಳಚಿಟ್ಟು ಹೊರಡುವ ಕಥೆ ಅದು. ಜೊತೆಗೆ ಸಗರ ಚಕ್ರವರ್ತಿಯ ವೃತ್ತಾಂತವೂ ಬರುತ್ತದೆ. ಒಡವೆ ತೊಡಿಸುವುದೇ ಕಸುಬಾದ ಮನೆತನದ ಕವಿ, ಒಡವೆಯ ಬದುಕು ಬಿಟ್ಟ ಹೆಣ್ಣಿನ ಇಚ್ಛೆಯಂತೆ, ಎಲ್ಲ ಬಿಟ್ಟ ರಾಜನ ಕಥೆ ಬರೆದ. ಅತ್ತಿಮಬ್ಬೆಯ ಗುಣವನ್ನು ಬಣ್ಣಿಸುವಾಗ ಅವನು ಅವಳ ರೂಪಕ್ಕಾಗಲಿ ಆಭರಣಕ್ಕಾಗಲಿ ಹೋಗಲಿಲ್ಲ. ಅವಳ ದಾನವನ್ನೂ ಶೀಲವನ್ನೂ ಹೊಗಳಿದ. ಗೌರವದ ಪಟ್ಟಿಯಲ್ಲಿ ರಾಜರು, ದಂಡನಾಯಕರೇ ತುಂಬಿದ್ದ ಕಾಲದಲ್ಲಿ ಒಬ್ಬ ವಿಧವೆಯ ಬದುಕನ್ನು ಕಾವ್ಯದೊಳಗೆ ತಂದು ಎತ್ತರದಲ್ಲಿ ಕೂರಿಸಿದ. ಅವಳ ಹೆಸರಿನಲ್ಲಿ ರಾಜ್ಯ ಸರ್ಕಾರ ಇಂದು ಲೇಖಕಿಯರಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಕೊಡುತ್ತಿದೆ. ಅವಳ ಬದುಕಿನ ವಿವರ ನಮಗೆ ಸಿಕ್ಕಿರುವುದು ಬಹುಪಾಲು ರನ್ನನ ದಯೆಯಿಂದ.

ಕಟ್ಟುವುದು, ಬಿಚ್ಚಿಡುವುದು

ಈಗ ನಮ್ಮ ಕೈಗಡಿಯಾರಕ್ಕೆ ಬರೋಣ. ಸಂದರ್ಶನಕ್ಕೆ ಹೋಗುವಾಗ ಸರಳವಾದ ದುಂಡು ಡಯಲ್ಲು, ಅಂಗಿಯ ತೋಳಿನ ಪಟ್ಟಿಯ ಕೆಳಗೆ ಸುಲಭವಾಗಿ ಸರಿಯುವಷ್ಟು ತೆಳು ವಾಚ್ ಸಾಕು. ಚರ್ಮದ ಪಟ್ಟಿಯಾದರೆ ಅದರ ಬಣ್ಣ ಬೆಲ್ಟು, ಬೂಟಿನ ಬಣ್ಣಕ್ಕೆ ಹೊಂದಿದರೆ ಚೆನ್ನ. ಕಪ್ಪಿಗೆ ಕಪ್ಪು, ಕಂದಿಗೆ ಕಂದು. ಸ್ಮಾರ್ಟ್‌ವಾಚ್ ಕಟ್ಟುವವರು ಅದರ ಸದ್ದು, ಬೆಳಕು ಎರಡನ್ನೂ ನಿಲ್ಲಿಸಿಯೇ ಒಳಗೆ ಹೋಗಬೇಕು. ಎದುರಿನವರು ಪ್ರಶ್ನೆ ಕೇಳುತ್ತಿರುವಾಗ ಮಣಿಕಟ್ಟು ಮಿನುಗಿದರೆ ಕಣ್ಣು ಅತ್ತ ಹೋಗುತ್ತದೆ, ಪುರಸೊತ್ತಿಲ್ಲದವರಂತೆ ಕಾಣುತ್ತೇವೆ. ಮದುವೆಗೆ ಧೋತರ, ಜುಬ್ಬಾ ಉಟ್ಟಾಗ ಬಂಗಾರದ ಬಣ್ಣದ ಚೈನು ಒಪ್ಪುತ್ತದೆ. ಮಳೆಗೆ, ಹೊಲಕ್ಕೆ, ಆಟದ ಮೈದಾನಕ್ಕೆ ರಬ್ಬರ್ ಪಟ್ಟಿಯೇ ಸರಿ. ಸಾವಿನ ಮನೆಗೆ ಹೋಗುವಾಗ ಥಳಥಳಿಸುವುದು ಬೇಡ.

ಬಿಚ್ಚಿಡಬೇಕಾದ ಜಾಗಗಳೂ ಇವೆ. ವರ್ಕ್‌ಶಾಪಿನಲ್ಲಿ ಲೇಥ್ ಮುಂದೆ ನಿಲ್ಲುವ ಮೊದಲು ವಾಚು, ಉಂಗುರ, ಬಳೆ, ಕೈಗೆ ಕಟ್ಟಿದ ದಾರ ಎಲ್ಲವನ್ನೂ ತೆಗೆದಿಡಬೇಕು. ತಿರುಗುವ ಯಂತ್ರಕ್ಕೆ ಅದು ಎಷ್ಟು ಬೆಲೆಯ ವಾಚ್ ಎಂಬುದು ಗೊತ್ತಿಲ್ಲ. ಸಿಕ್ಕಿದ್ದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ. ವಿದ್ಯುತ್ ಹರಿಯುವ ತಂತಿಗಳ ಬಳಿ ಲೋಹದ ಚೈನು ಅಪಾಯ. ನೀಟ್‌ನಂಥ ಪರೀಕ್ಷೆಗಳಲ್ಲಿ ವಾಚ್ ಕಟ್ಟಿಕೊಂಡು ಒಳಗೆ ಬಿಡುವುದೇ ಇಲ್ಲ. ಕಟ್ಟುವುದನ್ನು ಕಲಿತಷ್ಟೇ ಬಿಚ್ಚಿಡುವುದನ್ನೂ ಕಲಿತವರಿಗೆ ಮಾತ್ರ ಸಂದರ್ಭ ತಿಳಿಯಿತು ಎನ್ನಬಹುದು. ಇಷ್ಟು ತಿಳಿಯಲು ದುಬಾರಿ ವಾಚ್ ಬೇಕಿಲ್ಲ. ಸಮಯ ಸರಿಯಾಗಿ ತೋರಿಸುವ, ಗಾಜು ಒಡೆಯದ, ಪಟ್ಟಿ ಹರಿಯದ ಒಂದೇ ಒಂದು ವಾಚ್ ಇದ್ದರೂ ಸಾಕು. ಅದನ್ನು ಒರೆಸಿ ಕಟ್ಟಿಕೊಂಡು, ಹತ್ತು ನಿಮಿಷ ಮೊದಲೇ ಹೋಗಿ ಕೂತರೆ ಅದರ ಕೆಲಸ ಮುಗಿಯಿತು.

ನಮ್ಮಲ್ಲಿ ಅನೇಕರಿಗೆ ವಾಚ್‌ಗಿಂತ ದೊಡ್ಡ ಅಳುಕು ಇನ್ನೊಂದಿದೆ. ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಸಾಲು ಬಂದಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ನೇಕಾರ ಎನ್ನುವ ಬದಲು ಜವಳಿ ಉದ್ಯಮ ಎಂದು ಬರೆಯುವವರಿದ್ದಾರೆ. ಸಂತೆಯಲ್ಲಿ ಬಳೆ ಮಾರುವ ತಾಯಿಯನ್ನು ಗೃಹಿಣಿ ಎಂದು ಬರೆದು ಮುಂದೆ ಹೋಗುವವರಿದ್ದಾರೆ. ಗುಂಪು ಚರ್ಚೆಯಲ್ಲಿ ಬಾಯಿಂದ ಮುಧೋಳದ ಮಾತು ಜಾರಿದರೆ ಏನಾದೀತು ಎಂದು ಬಾಯಿ ಮುಚ್ಚಿ ಕೂರುವವರೂ ಇದ್ದಾರೆ. ಕೈಗೆ ಯಾವ ವಾಚ್ ಕಟ್ಟಬೇಕು ಎಂಬ ರಾತ್ರಿಯ ಚರ್ಚೆಯ ಕೆಳಗೆ ಇರುವುದು ಬಹಳ ಸಲ ಇದೇ ಅಳುಕು. ನಮ್ಮ ಮನೆ ಯಾವುದು ಎಂದು ಎದುರಿನವರಿಗೆ ಗೊತ್ತಾಗಿಬಿಟ್ಟರೆ ಎಂಬ ಅಳುಕು.

ರನ್ನ ಕವಿಚಕ್ರವರ್ತಿಯಾಗಿದ್ದ. ಬೆಳ್ಗೊಡೆ, ಚಾಮರ, ಆನೆ ಇದ್ದವು. ಪಂಡಿತರು ತಮ್ಮ ವಂಶದ ಹಿರಿಮೆ ಹೇಳಿಕೊಳ್ಳುತ್ತಿದ್ದ ಆಸ್ಥಾನ ಅದು. ತನ್ನ ಹುಟ್ಟನ್ನು ಹೇಳದೆ ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವನು ಅದನ್ನು ಕಾವ್ಯದೊಳಗೆ, ತಾಳೆಗರಿಯ ಮೇಲೆ, ಅಳಿಸಲಾಗದಂತೆ ಬರೆದ. ಊರಿನ ಹೆಸರನ್ನೂ ಬರೆದ, ಅವ್ವನ ಹೆಸರನ್ನೂ ಬರೆದ. ಅವನು ಹಾಗೆ ಬರೆದದ್ದರಿಂದಲೇ ಜಿನವಲ್ಲಭ, ಅಬ್ಬಲಬ್ಬೆ ಎಂಬ ಇಬ್ಬರು ಬಳೆಗಾರರ ಹೆಸರು ಸಾವಿರ ವರ್ಷ ಉಳಿಯಿತು. ಇವತ್ತು ಮುಧೋಳದಲ್ಲಿ ಅವನ ಹೆಸರಿನ ಉತ್ಸವ ನಡೆಯುತ್ತದೆ, ಪ್ರತಿಷ್ಠಾನವಿದೆ. ತಿಮ್ಮಾಪುರದ ಸಕ್ಕರೆ ಕಾರ್ಖಾನೆಯ ವಿಳಾಸದಲ್ಲೂ ರನ್ನನಗರ ಇದೆ.

ಸಂದರ್ಶನಕ್ಕೆ ಹೊರಡುವ ಗೆಳೆಯ ಗೆಳತಿಯರು ಅಂಗಿಗೆ ಹೊಂದುವ ವಾಚನ್ನು ಖಂಡಿತ ಆರಿಸಿಕೊಳ್ಳಲಿ. ಸಂದರ್ಭವನ್ನು ಗೌರವಿಸುವುದು ತಪ್ಪಲ್ಲ, ಅದು ಬಳೆಗಾರರೇ ಕಲಿಸಿದ ಪಾಠ. ಆದರೆ ಒಳಗೆ ಹೋದ ಮೇಲೆ ನಿಮ್ಮ ಬಗ್ಗೆ ಹೇಳಿ ಎಂದು ಕೇಳಿದರೆ ಊರಿನ ಹೆಸರನ್ನೂ ಮನೆಯ ಕಸುಬನ್ನೂ ಇದ್ದಂತೆ ಹೇಳಲಿ. ಮಗ್ಗದ ಮುಂದೆ, ಬಳೆಯ ಬುಟ್ಟಿಯ ಮುಂದೆ, ಕಬ್ಬಿನ ಗದ್ದೆಯಲ್ಲಿ ಕಲಿತದ್ದು ಏನಾದರೂ ಇದ್ದರೆ ಅದನ್ನೂ ಹೇಳಲಿ. ಆ ಕೆಲಸಗಳಲ್ಲಿ ಅಳತೆ ಇದೆ, ತಾಳ್ಮೆ ಇದೆ, ಗಿರಾಕಿಯ ಮನಸ್ಸು ಓದುವ ಜಾಣತನ ಇದೆ. ಕೆಲಸ ಕೊಡುವವರು ಹುಡುಕುವುದೂ ಬಹುತೇಕ ಇವನ್ನೇ.